ಹಿತ್ತಿಲ ಕೋಳಿ ಬೇಸಿಗೆ ದಾಟಬೇಕಾದರೆ

ಕೃಷಿ ಮತ್ತು ಆರೋಗ್ಯ

ಗೋನೆಗಂಡ್ಲ, ಎಮ್ಮಿಗನೂರು, ಆದವಾನಿಯ ಕಡೆ ಎಂದೂ ಕೋಳಿ ಸಾಕದ ಮನೆ ಕಡಿಮೆ. ಹಾಗೆಯೇ ವರ್ಷದ ಹನ್ನೆರಡು ತಿಂಗಳೂ ಕೋಳಿ ಉಳಿಸಿಕೊಂಡ ಮನೆಯೂ ಕಡಿಮೆ. ಮಳೆಗಾಲದಲ್ಲಿ ಮರಿ ಮಾಡಿಸುತ್ತೇವೆ. ಚಳಿಗಾಲದಲ್ಲಿ ಅವು ಮೈತುಂಬಿಕೊಂಡು ಓಡಾಡುತ್ತವೆ. ಇನ್ನೇನು ಮೊಟ್ಟೆ ಇಡಬೇಕು ಎನ್ನುವಾಗ ಬಿಸಿಲು ಏರುತ್ತದೆ. ಒಂದು ವಾರದಲ್ಲಿ ಹಿತ್ತಿಲು ಬರಿದಾಗುತ್ತದೆ. "ಈ ವರ್ಷವೂ ರೋಗ ಬಿತ್ತು" ಎಂದು ಹೇಳಿ ಸುಮ್ಮನಾಗುತ್ತೇವೆ.

ಎಮ್ಮೆ ಸತ್ತರೆ ನಾಲ್ಕು ಜನ ಬಂದು ವಿಚಾರಿಸುತ್ತಾರೆ, ಕೋಳಿ ಸತ್ತರೆ ಕೇಳುವವರಿಲ್ಲ. ಆದರೆ ಮನೆಯ ಲೆಕ್ಕ ನೋಡಿದರೆ ಇದು ಸಣ್ಣ ನಷ್ಟವಲ್ಲ. ಹತ್ತಿ ಮಾರಿದ ದುಡ್ಡು ಸಾಲಕ್ಕೆ ಹೋಗುತ್ತದೆ, ಶೇಂಗಾದ ದುಡ್ಡು ಗೊಬ್ಬರದ ಅಂಗಡಿಗೆ ಹೋಗುತ್ತದೆ. ಮನೆಯ ತಾಯಿ ಯಾರನ್ನೂ ಕೇಳದೆ ಮಗುವಿನ ಔಷಧಿಗೆ, ನೋಟ್‌ಬುಕ್ಕಿಗೆ ತೆಗೆದು ಕೊಡುವ ಹಣ ಹೆಚ್ಚಾಗಿ ಮೊಟ್ಟೆಯಿಂದ, ಹುಂಜದಿಂದ ಬಂದದ್ದು. ಹಿತ್ತಿಲು ಬರಿದಾದರೆ ಅವಳ ಕೈ ಬರಿದಾಗುತ್ತದೆ, ಮಕ್ಕಳ ತಟ್ಟೆಯೂ ಬರಿದಾಗುತ್ತದೆ.

ನಮ್ಮ ಸೀಮೆಯ ಕೋಳಿಗೆ ಇಬ್ಬರು ಶತ್ರುಗಳು. ಒಬ್ಬ ಬಿಸಿಲು, ಇನ್ನೊಬ್ಬ ಕೊಕ್ಕರೆ ರೋಗ. ಬಿಸಿಲನ್ನು ಪ್ರತಿ ಮನೆಯವರೂ ತಮ್ಮ ತಮ್ಮ ಹಿತ್ತಿಲಲ್ಲೇ ಎದುರಿಸಬಹುದು. ರೋಗವನ್ನು ಮಾತ್ರ ಒಂದು ಮನೆಯವರಿಂದ ತಡೆಯಲಾಗದು. ಅದಕ್ಕೆ ಇಡೀ ಓಣಿ ಒಂದಾಗಬೇಕು. ಹೊಸದಾಗಿ ಕೋಳಿ ಸಾಕಲು ಹೊರಟವರು ಮರಿ ಕೊಳ್ಳುವ ಮೊದಲೇ ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎಷ್ಟು ಕೋಳಿ? ಯಾವ ತಳಿ?

ಒಂದು ಮನೆಗೆ ಎಂಟು ಹೇಂಟೆ, ಒಂದು ಹುಂಜ ಸಾಕು. ಅದಕ್ಕಿಂತ ಹೆಚ್ಚಾದರೆ ಹಿತ್ತಿಲಿನ ಹುಳು, ಹುಲ್ಲು, ಅಡಿಗೆಮನೆಯ ಉಳಿಕೆ ಸಾಲದೆ ಎಲ್ಲವನ್ನೂ ಕೊಂಡು ತಂದು ಹಾಕಬೇಕಾಗುತ್ತದೆ. ಆಗ ಲಾಭ ಕರಗುತ್ತದೆ. ಆದವಾನಿಯಂಥ ಪಟ್ಟಣದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿರುವವರು ಹುಂಜವನ್ನು ಬಿಟ್ಟರೂ ನಡೆಯುತ್ತದೆ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೇ. ಬೆಳಗಿನ ಜಾವದ ಕೂಗಿಗೆ ನೆರೆಮನೆಯವರ ಜಗಳವೂ ತಪ್ಪುತ್ತದೆ.

ನಮ್ಮ ಜವಾರಿ ಕೋಳಿ ವರ್ಷಕ್ಕೆ ಸುಮಾರು 50ರಿಂದ 70 ಮೊಟ್ಟೆ ಇಡುತ್ತದೆ. ಮೊಟ್ಟೆ ಕಡಿಮೆಯಾದರೂ ಅದರ ಗುಣ ದೊಡ್ಡದು. ತಾನೇ ಕಾವು ಕೂರುತ್ತದೆ, ಮರಿಗಳನ್ನು ಕಾಯುತ್ತದೆ, ಹದ್ದಿನ ನೆರಳು ಕಂಡೊಡನೆ ಕೂಗಿ ಎಚ್ಚರಿಸುತ್ತದೆ. ಆಂಧ್ರದ ಹೆಸರಾಂತ ಅಸೀಲ್ ತಳಿಯ ಹೇಂಟೆಯೂ ಒಳ್ಳೆಯ ತಾಯಿ.

ಮೊಟ್ಟೆ ಹೆಚ್ಚು ಬೇಕೆನ್ನುವವರಿಗೆ ಹಿತ್ತಿಲಿಗೆಂದೇ ರೂಪಿಸಿದ ತಳಿಗಳಿವೆ. ಹೈದರಾಬಾದಿನ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕೋಳಿ ಸಂಶೋಧನಾ ಸಂಸ್ಥೆಯವರು ವನರಾಜ ಮತ್ತು ಗ್ರಾಮಪ್ರಿಯ ಎಂಬ ಎರಡು ತಳಿಗಳನ್ನು ಕೊಟ್ಟಿದ್ದಾರೆ. ವನರಾಜ ಮಾಂಸ, ಮೊಟ್ಟೆ ಎರಡಕ್ಕೂ ಆಗುತ್ತದೆ. ವರ್ಷಕ್ಕೆ 100ರಿಂದ 110 ಮೊಟ್ಟೆ ಇಡುತ್ತದೆ. ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಯ ಕೋಳಿ. ಚೆನ್ನಾಗಿ ನೋಡಿಕೊಂಡರೆ 160ರಿಂದ 180 ಮೊಟ್ಟೆ ಕೊಡುತ್ತದೆ. ಗಡಿಯಾಚೆ ಬಳ್ಳಾರಿ, ರಾಯಚೂರಿನ ನಮ್ಮ ಬಂಧುಗಳ ಮನೆಗಳಲ್ಲಿ ಗಿರಿರಾಜ ಕೋಳಿಯ ಹೆಸರು ಕೇಳಿರುತ್ತೀರಿ. ಅದು ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ತಳಿ. ಇವೆಲ್ಲ ಬಣ್ಣದ ಗರಿಯ ಕೋಳಿಗಳು. ಮಣ್ಣಿನ, ಪೊದೆಯ ಬಣ್ಣದೊಡನೆ ಬೆರೆತುಹೋಗುವುದರಿಂದ ಬಿಳಿ ಕೋಳಿಯಂತೆ ಹದ್ದಿನ ಕಣ್ಣಿಗೆ ಬೇಗ ಬೀಳುವುದಿಲ್ಲ.

ಒಂದು ಎಚ್ಚರಿಕೆ. ವನರಾಜ, ಗಿರಿರಾಜಗಳು ಮೈಭಾರದ ಕೋಳಿಗಳು. ಭಾರ ಹೆಚ್ಚಿದಷ್ಟೂ ಬಿಸಿಲು ತಡೆಯುವ ಶಕ್ತಿ ಕಡಿಮೆ. ನೆರಳಿಲ್ಲದ ಹಿತ್ತಿಲಿಗೆ ಜವಾರಿ ಅಥವಾ ಗ್ರಾಮಪ್ರಿಯವೇ ಮೇಲು. ಈ ಹೊಸ ತಳಿಗಳು ಸರಿಯಾಗಿ ಕಾವು ಕೂರುವುದಿಲ್ಲ. ಆದ್ದರಿಂದ ಒಂದೆರಡು ಜವಾರಿ ಹೇಂಟೆಗಳು ಮನೆಯಲ್ಲಿರಲಿ. ಕಾವಿಗೆ ಕೂತ ಜವಾರಿಯ ಕೆಳಗೆ ಹತ್ತು ಹನ್ನೆರಡು ವನರಾಜ ಮೊಟ್ಟೆ ಇಟ್ಟರೆ 21 ದಿನಕ್ಕೆ ಮರಿಗಳು ಹೊರಬರುತ್ತವೆ.

ಮರಿ ತರುವ ಕಾಲ

ಮಾರ್ಚಿಯಲ್ಲಿ ಸೈಕಲ್ ಮೇಲೆ ಮಾರಲು ಬರುವ ಬಣ್ಣಬಣ್ಣದ ಮರಿಗಳನ್ನು ಮಕ್ಕಳ ಹಟಕ್ಕೆ ಕೊಳ್ಳುವುದುಂಟು. ಅವುಗಳಲ್ಲಿ ಬದುಕುವುದು ಅಪರೂಪ. ಮರಿ ತರಲು ಸರಿಯಾದ ಕಾಲ ಆಗಸ್ಟ್, ಸೆಪ್ಟೆಂಬರ್. ಆಗ ಹಿತ್ತಿಲಲ್ಲಿ ಹಸಿರು, ಹುಳು ಇರುತ್ತವೆ, ಬಿಸಿಲು ಇಳಿದಿರುತ್ತದೆ. ಐದೂವರೆ ಆರು ತಿಂಗಳಿಗೆ, ಅಂದರೆ ಫೆಬ್ರವರಿಯ ಹೊತ್ತಿಗೆ, ಮೊಟ್ಟೆ ಆರಂಭವಾಗುತ್ತದೆ. ಕೋಳಿ ಬೇಸಿಗೆಗೆ ಕಾಲಿಡುವಾಗ ಬಲಿತಿರುತ್ತದೆ.

ಮರಿ ಕೊಳ್ಳುವಾಗ ಹೆಣ್ಣು ಗಂಡು ಬೆರೆತೇ ಇರುತ್ತವೆ. 20 ಮರಿ ತಂದರೆ ಸುಮಾರು ಅರ್ಧ ಹುಂಜಗಳು. ಮೂರು ನಾಲ್ಕು ತಿಂಗಳಿಗೆ ಅವನ್ನು ಮಾರಿದರೆ ಮೇವಿನ ಖರ್ಚಿನ ಒಂದು ಪಾಲು ಬರುತ್ತದೆ. ಉಳಿದ ಎಂಟು ಹೇಂಟೆಗಳೇ ನಮ್ಮ ಹಿಂಡು.

ಒಂದು ದಿನದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ ಮಾಡುತ್ತ ಬರಬೇಕು. ರಟ್ಟು ಅಥವಾ ತಗಡನ್ನು ದುಂಡಗೆ ಸುತ್ತಿ, ಒಳಗೆ ಭತ್ತದ ಹೊಟ್ಟು ಇಲ್ಲವೆ ಶೇಂಗಾ ಸಿಪ್ಪೆ ಹರಡಿ, ಮೇಲೆ ಹಳೆಯ ಕಾಲದ ತಂತಿ ಬಲ್ಬು ತೂಗುಹಾಕಬೇಕು. ಈಗ ಮನೆಗಳಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಶಾಖ ಸರಿಯಾಗಿದೆಯೇ ಎಂದು ತಿಳಿಯಲು ಮಾಪಕ ಬೇಡ, ಮರಿಗಳನ್ನು ನೋಡಿದರೆ ಸಾಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುತ್ತಿಕೊಂಡರೆ ಚಳಿ. ದೂರ ಓಡಿ ಬಾಯಿ ಬಿಟ್ಟರೆ ಸೆಕೆ. ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿ. ಈ ಗೊಡವೆ ಬೇಡ ಎನ್ನುವವರು ನಾಲ್ಕರಿಂದ ಆರು ವಾರ ಸಾಕಿ, ಮೊದಲ ಲಸಿಕೆಗಳನ್ನು ಹಾಕಿಸಿದ ಮರಿಗಳನ್ನೇ ಕೊಳ್ಳುವುದು ಕ್ಷೇಮ. ಮರಿ ಎಲ್ಲಿ ಸಿಗುತ್ತದೆ ಎಂಬುದನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಅಥವಾ ಎಮ್ಮಿಗನೂರಿನ ಬಳಿ ಬನವಾಸಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ರಾತ್ರಿಯ ಗೂಡು

ಹಗಲು ಬಿಟ್ಟು ಮೇಯಿಸಿದರೂ ರಾತ್ರಿ ಗೂಡು ಬೇಕೇ ಬೇಕು. ನಾಯಿ, ಬೆಕ್ಕು, ಹಾವು, ಹೆಗ್ಗಣ ಎಲ್ಲವೂ ಕತ್ತಲಲ್ಲಿ ಬರುತ್ತವೆ. ಒಂದು ಕೋಳಿಗೆ ಎರಡು ಚದರ ಅಡಿಯಂತೆ ಲೆಕ್ಕ ಹಾಕಿದರೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು ಹತ್ತು ಕೋಳಿಗೆ ಸಾಕು. ಗೂಡಿನ ತಳ ನೆಲದಿಂದ ಎರಡು ಅಡಿ ಮೇಲಿರಲಿ. ಎರಡು ಕಡೆಗಾದರೂ ಗೋಡೆಯ ಬದಲು ಅರ್ಧ ಅಂಗುಲದ ತಂತಿ ಜಾಲರಿ ಇರಲಿ. ಬಿದಿರು, ಜಾಲಿ ಕಟ್ಟಿಗೆ, ಹಳೆಯ ಬಾಗಿಲು ಹೀಗೆ ಮನೆಯಲ್ಲಿ ಬಿದ್ದಿರುವುದರಿಂದಲೇ ಕಟ್ಟಬಹುದು.

ನಮ್ಮಲ್ಲಿ ಹೆಚ್ಚಿನವರು ಮಾಡುವುದು ನಾಲ್ಕು ಕಡೆ ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ತಗಡು ಮುಚ್ಚುವ ಗೂಡು. ಕಳ್ಳರಿಗೆ, ನಾಯಿಗೆ ಅದು ಭದ್ರ, ನಿಜ. ಆದರೆ ಹಗಲೆಲ್ಲ ಕಾದ ಕಲ್ಲು ಮಧ್ಯರಾತ್ರಿಯವರೆಗೂ ಶಾಖ ಬಿಡುತ್ತದೆ. ಗಾಳಿ ಆಡದ ಆ ಗೂಡು ಮೇ ತಿಂಗಳಲ್ಲಿ ಒಲೆಯೇ ಸರಿ. ಇಂಥ ಗೂಡು ಈಗಾಗಲೇ ಇದ್ದರೆ ಎದುರುಬದುರಿನ ಎರಡು ಕಲ್ಲುಗಳನ್ನು ತೆಗೆದು ಜಾಲರಿ ಹಾಕಿಸಿ. ತಗಡಿನ ಮೇಲೆ ಜೋಳದ ದಂಟನ್ನು ಅರ್ಧ ಅಡಿ ದಪ್ಪಕ್ಕೆ ಹೊದಿಸಿ, ಇಲ್ಲವೆ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಗೂಡಿನೊಳಗೆ ಕೋಳಿ ಕೂರಲು ಎರಡು ಅಂಗುಲ ದಪ್ಪದ ದುಂಡನೆಯ ಗಳ ಕಟ್ಟಬೇಕು. ನಾಲ್ಕೈದು ಹೇಂಟೆಗೆ ಒಂದರಂತೆ ಮೊಟ್ಟೆ ಇಡಲು ಬುಟ್ಟಿ ಇಟ್ಟು, ಒಳಗೆ ಒಣಹುಲ್ಲು, ಬೇವಿನ ಎಲೆ ಹಾಕಬೇಕು. ಹಿಕ್ಕೆಯನ್ನು ವಾರಕ್ಕೊಮ್ಮೆ ತೆಗೆದು ಗುಂಡಿಯಲ್ಲಿ ಮಣ್ಣಿನೊಡನೆ ಕೊಳೆಸಿದರೆ ನುಗ್ಗೆ, ಕರಿಬೇವಿಗೆ ಉತ್ತಮ ಗೊಬ್ಬರ. ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬಾರದು, ಬೇರು ಸುಡುತ್ತದೆ. ಗೂಡು ಒಣಗಿದ್ದರೆ ನಾತವಿಲ್ಲ, ನೊಣವಿಲ್ಲ. ಪಟ್ಟಣದಲ್ಲಿ ನೆರೆಯವರ ಸ್ನೇಹ ಉಳಿಯುವುದೂ ಇದರಿಂದಲೇ.

ಬಿಸಿಲು ಮತ್ತು ನೀರು

ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಕೋಳಿಯ ಮೈಶಾಖ ಸಹಜವಾಗಿಯೇ 41 ಡಿಗ್ರಿಯ ಆಸುಪಾಸು. ಅದಕ್ಕೆ ನಮ್ಮಂತೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆಯನ್ನು ಮೈಯಿಂದ ಅಗಲಿಸುವುದು ಇವೆರಡೇ ಅದಕ್ಕೆ ಗೊತ್ತಿರುವ ದಾರಿ. ಹೊರಗಿನ ಗಾಳಿ ಮೈಶಾಖದಷ್ಟೇ ಬಿಸಿಯಾದಾಗ ಏದುಸಿರಿನಿಂದ ಆರಿಹೋಗುವ ನೀರೊಂದೇ ಅದರ ಜೀವ ಕಾಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕೋಳಿಗೆ ಮೇವಿಗಿಂತ ನೀರು ಮುಖ್ಯ. ಏದುಸಿರು ಹೆಚ್ಚಾದಾಗ ರಕ್ತದ ಗುಣ ಬದಲಾಗಿ ಮೊಟ್ಟೆಯ ಚಿಪ್ಪಿಗೆ ಸೇರುವ ಸುಣ್ಣ ಕಡಿಮೆಯಾಗುತ್ತದೆ. ಬೇಸಿಗೆಯ ಮೊಟ್ಟೆ ತೆಳುವಾಗಿ ಕೈಯಲ್ಲೇ ಒಡೆಯುವುದು ಇದಕ್ಕಾಗಿಯೇ.

ಒಂದು ಕೋಳಿ ಸಾಧಾರಣ ದಿನಗಳಲ್ಲಿ ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ, ಕಡು ಬೇಸಿಗೆಯಲ್ಲಿ ಅದರ ಎರಡರಷ್ಟು. ಹತ್ತು ಕೋಳಿಗೆ ದಿನಕ್ಕೆ ಐದು ಲೀಟರ್ ಎಂದಿಟ್ಟುಕೊಳ್ಳಿ. ನಲ್ಲಿಯ ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಇದೂ ಒಂದು ಭಾರವೇ. ಅಕ್ಕಿ ಬೇಳೆ ತೊಳೆದ ನೀರನ್ನು ಆಗಿಂದಾಗ್ಗೆ ಕೋಳಿಗೆ ಇಡಬಹುದು. ಸೋಪಿನ ನೀರು, ಚರಂಡಿಯ ನೀರು ಬೇಡ. ಅಗಲ ಬಾಯಿಯ ಎರಡು ಮಣ್ಣಿನ ಪಾತ್ರೆಗಳನ್ನು ಎರಡು ಕಡೆ ನೆರಳಿನಲ್ಲಿಡಿ. ಒಂದೇ ಪಾತ್ರೆ ಇದ್ದರೆ ಬಲವಾದ ಕೋಳಿ ಕುಡಿದು ಬಡಪಾಯಿ ಕೋಳಿಯನ್ನು ಓಡಿಸುತ್ತದೆ. ಮಧ್ಯಾಹ್ನ ಒಮ್ಮೆ ನೀರು ಬದಲಿಸಿ. ಬಿಸಿಯಾದ ನೀರನ್ನು ಕೋಳಿ ಬಾಯಾರಿದ್ದರೂ ಸರಿಯಾಗಿ ಕುಡಿಯುವುದಿಲ್ಲ.

ನೆರಳಿಗೆ ಬೇವು, ಹೊಂಗೆ, ನುಗ್ಗೆ ಮೂರೂ ನಮ್ಮ ನೆಲದಲ್ಲಿ ಬರುತ್ತವೆ. ನುಗ್ಗೆಯ ಕೊಂಬೆ ನೆಟ್ಟರೆ ವರ್ಷದೊಳಗೆ ನೆರಳು ಕಾಣಬಹುದು. ಸೊಪ್ಪು ಮನೆಗೂ ಆಯಿತು, ಕೋಳಿಗೂ ಆಯಿತು. ಮರ ಬೆಳೆಯುವ ತನಕ ನಾಲ್ಕು ಗಳ ನೆಟ್ಟು ಮೇಲೆ ಜೋಳದ ದಂಟಿನ ಚಪ್ಪರ ಹಾಕಿ. ಗಾಳಿ ಬೀಸುವ ದಿಕ್ಕಿಗೆ ಒದ್ದೆ ಗೋಣಿಚೀಲ ಕಟ್ಟಿದರೆ ಒಳಗೆ ತಂಪು. ನಮ್ಮದು ಒಣ ಹವೆಯಾದ್ದರಿಂದ ಈ ಉಪಾಯ ಕರಾವಳಿಗಿಂತ ಇಲ್ಲಿ ಚೆನ್ನಾಗಿ ನಡೆಯುತ್ತದೆ.

ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಹಾಕಿ. ತಿಂದದ್ದು ಅರಗುವಾಗ ಮೈಯೊಳಗೆ ಶಾಖ ಹುಟ್ಟುತ್ತದೆ. ಹತ್ತು ಗಂಟೆಗೆ ತಿಂದ ಕಾಳು ಬಿಸಿಲು ಏರಿದ ಹೊತ್ತಿಗೇ ಒಳಗಿನಿಂದಲೂ ಕಾಯಿಸುತ್ತದೆ. ಬಿಸಿಲಿಗೆ ಕೋಳಿ ಕುಸಿದು ಬಿದ್ದರೆ ತಕ್ಷಣ ನೆರಳಿಗೆ ಒಯ್ದು ಕಾಲು ಮತ್ತು ಎದೆಯ ಭಾಗವನ್ನು ತಣ್ಣೀರಿನಲ್ಲಿ ಇಳಿಸಿ, ಜುಟ್ಟಿಗೆ ನೀರು ಸವರಿ. ಮಂಜುಗಡ್ಡೆಯ ನೀರು ಬೇಡ. ಚೇತರಿಸಿಕೊಂಡ ಮೇಲೆ ತಾನಾಗಿಯೇ ಕುಡಿಯಲು ನೀರಿಡಿ. ಬಲವಂತವಾಗಿ ಬಾಯಿಗೆ ಸುರಿದರೆ ಉಸಿರುಗಟ್ಟುತ್ತದೆ.

ಏನು ಹಾಕಬೇಕು, ಏನು ಹಾಕಬಾರದು

ಹಿತ್ತಿಲಲ್ಲಿ ಮೇಯುವ ಕೋಳಿಗೆ ದಿನಕ್ಕೆ 30ರಿಂದ 40 ಗ್ರಾಂ, ಅಂದರೆ ಒಂದು ಹಿಡಿ ಕಾಳು ಮೇಲುಮೇವಾಗಿ ಸಾಕು. ಜೋಳ, ಸಜ್ಜೆ, ನವಣೆ, ಅಕ್ಕಿ ನುಚ್ಚು ಯಾವುದಾದರೂ ಸರಿ. ಕಾಳಿನಿಂದ ಶಕ್ತಿ ಬರುತ್ತದೆ. ಮೊಟ್ಟೆ ಇಡಲು ಮಾಂಸಸಾರವೂ ಬೇಕು. ಅದು ಹುಳು, ಗೆದ್ದಲು, ಸ್ವಲ್ಪ ಶೇಂಗಾ ಹಿಂಡಿಯಿಂದ ಸಿಗುತ್ತದೆ. ಹಳೆಯ ಮಡಕೆಯಲ್ಲಿ ಒದ್ದೆ ಗೋಣಿ ತುಂಡು, ಒಣ ಸಗಣಿ ತುಂಬಿ ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆ ಮರಿಗಳಿಗೆ ಹಬ್ಬದೂಟ. ಚಿಪ್ಪು ಗಟ್ಟಿಯಾಗಲು ಮೊಟ್ಟೆಯ ಸಿಪ್ಪೆಯನ್ನೇ ಬಿಸಿಲಲ್ಲಿ ಒಣಗಿಸಿ ಪುಡಿಮಾಡಿ ಹಾಕಿ.

ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕಾದ ನಾಲ್ಕು ಮಾತುಗಳಿವೆ.

ಮೊದಲನೆಯದು, ಬೂಸ್ಟು ಹಿಡಿದ ಶೇಂಗಾ, ಶೇಂಗಾ ಹಿಂಡಿಯನ್ನು "ಕೋಳಿಗಾದರೂ ಆದೀತು" ಎಂದು ಹಾಕಬೇಡಿ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ಎರಡನೆಯದು, ಎಮ್ಮೆಗೆ ತಂದ ಹತ್ತಿಕಾಳು ಹಿಂಡಿಯನ್ನು ಕೋಳಿಗೆ ಕೊಡಬೇಡಿ. ಆದವಾನಿ ಹತ್ತಿಯ ಊರು, ಹಿಂಡಿ ಸುಲಭವಾಗಿ ಸಿಗುತ್ತದೆ. ಆದರೆ ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಸ್ತುವಿನಿಂದ ಮೊಟ್ಟೆಯ ಹಳದಿ ಭಾಗ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ.

ಮೂರನೆಯದು, ಬಿತ್ತನೆಯ ಕಾಲದಲ್ಲಿ ಔಷಧಿ ಸವರಿದ ಬೀಜ ಅಂಗಳದಲ್ಲಿ ಚೆಲ್ಲದಂತೆ ನೋಡಿಕೊಳ್ಳಿ. ಹೊಲಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಕೋಳಿ ಆ ಕಡೆ ಹೋಗದಂತೆ ಕೂಡಿಹಾಕಿ. ವಿಷ ತಿಂದ ಹುಳುವನ್ನು ತಿಂದರೆ ಕೋಳಿಗೂ ವಿಷವೇರುತ್ತದೆ.

ನಾಲ್ಕನೆಯದು, ಉಪ್ಪಿನಕಾಯಿ, ಉಪ್ಪು ಹೆಚ್ಚಾದ ಸಾರು ಬೇಡ. ಉಪ್ಪು ಅತಿಯಾದರೆ ಕೋಳಿ ಸಾಯುತ್ತದೆ.

ಕೊಕ್ಕರೆ ರೋಗ

ಬಿಸಿಲಿಗೆ ಸತ್ತ ಕೋಳಿ ಒಂದೆರಡು. ಇಡೀ ಹಿತ್ತಿಲು ಬರಿದಾದರೆ ಅದು ಹೆಚ್ಚಾಗಿ ಕೊಕ್ಕರೆ ರೋಗ. ವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. 1926ರಲ್ಲಿ ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲು ಗುರುತಿಸಿದ ಈ ರೋಗವನ್ನು ಅದಾದ ಒಂದೆರಡು ವರ್ಷದಲ್ಲೇ ನಮ್ಮ ದೇಶದ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಂಡರು. ಅದರಿಂದ ಈ ಹೆಸರು.

ಕೋಳಿ ರೆಕ್ಕೆ ಜೋತುಬಿಟ್ಟು ಮಂಕಾಗುತ್ತದೆ. ಬಾಯಿ ಬಿಟ್ಟು ಗೊರಗೊರ ಉಸಿರಾಡುತ್ತದೆ. ಹಸಿರು ಬೆರೆತ ಬಿಳಿ ಹಿಕ್ಕೆ ಹಾಕುತ್ತದೆ. ಕೆಲವು ಕೋಳಿಗಳ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಾಲು ಸೋಲುತ್ತದೆ. ಕೆಲವು ಯಾವ ಲಕ್ಷಣವನ್ನೂ ತೋರಿಸದೆ ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ. ರೋಗ ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಅಂಗಡಿಯ ಮಾತ್ರೆ ಯಾವುದೂ ಈ ರೋಗವನ್ನು ಗುಣಪಡಿಸಲಾರದು. ಮೊದಲೇ ಹಾಕಿಸಿದ ಲಸಿಕೆಯೊಂದೇ ದಾರಿ.

ಲಸಿಕೆಯ ಕ್ರಮ ಹೀಗಿದೆ. ಐದರಿಂದ ಏಳನೆಯ ದಿನ ಎಫ್ ಅಥವಾ ಲಸೋಟ ಎಂಬ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಹಾಕಬೇಕು. ಎರಡನೆಯ ವಾರ ಗುಂಬೊರೊ ರೋಗದ ಲಸಿಕೆ. ನಾಲ್ಕನೆಯ ವಾರ ಮತ್ತೊಮ್ಮೆ ಲಸೋಟ. ಎಂಟನೆಯ ವಾರದ ಸುಮಾರಿಗೆ ಆರ್‌2ಬಿ ಎಂಬ ಚುಚ್ಚುಮದ್ದು. ಇದನ್ನು ಆರು ವಾರಕ್ಕಿಂತ ಚಿಕ್ಕ ಮರಿಗೆ ಹಾಕಬಾರದು. ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ ಮರುಲಸಿಕೆ. ಸಿಡುಬಿನ ಲಸಿಕೆಯನ್ನೂ ಆರೇಳು ವಾರದ ಹೊತ್ತಿಗೆ ಹಾಕಿಸುವುದು ಒಳ್ಳೆಯದು. ಮೊಟ್ಟೆ ಇಡುವ ಕೋಳಿಗೆ ಯಾವ ಲಸಿಕೆ ಸೂಕ್ತ ಎಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿದುಕೊಳ್ಳಿ. ಲಸಿಕೆಯ ನಂತರ ಕೆಲವು ದಿನ ಮೊಟ್ಟೆ ಕಡಿಮೆಯಾದರೆ ಹೆದರಬೇಕಾಗಿಲ್ಲ.

ಓಣಿ ಒಂದಾಗಬೇಕು

ಲಸಿಕೆ ಇರುವಾಗಲೂ ನಮ್ಮ ಕೋಳಿಗಳು ಸಾಯುವುದೇಕೆ? ಲಸಿಕೆಯ ಸೀಸೆಯೇ ಇದಕ್ಕೆ ಉತ್ತರ. ಸಾಮಾನ್ಯವಾಗಿ ಒಂದು ಸೀಸೆಯಲ್ಲಿ 100 ಕೋಳಿಗೆ ಅಥವಾ ಅದಕ್ಕಿಂತ ಹೆಚ್ಚು ಕೋಳಿಗೆ ಆಗುವಷ್ಟು ಮದ್ದು ಇರುತ್ತದೆ. ಕೊಂಡಲ್ಲಿಂದ ಮನೆಯವರೆಗೆ ಮಂಜುಗಡ್ಡೆಯಲ್ಲಿಟ್ಟು ತರಬೇಕು. ಒಮ್ಮೆ ದ್ರಾವಣ ಬೆರೆಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಉಳಿದದ್ದು ಕೆಲಸಕ್ಕೆ ಬಾರದು. ಎಂಟು ಕೋಳಿ ಇರುವ ತಾಯಿ 100 ಕೋಳಿಯ ಸೀಸೆಯನ್ನು ಏಕೆ ಕೊಂಡಾಳು? ಕೊಂಡು ಹಾಕಿಸಿದರೂ ಆಕೆ ಮುಂದೆ ಕಾವಿಗಿಡುವ ಮರಿಗಳಿಗೆ ನೆರೆಮನೆಯ ರೋಗ ತಪ್ಪದು. ಕೋಳಿಗೆ ಬೇಲಿ ಗೊತ್ತಿಲ್ಲ, ರೋಗಕ್ಕಂತೂ ಗೋಡೆಯೂ ಗೊತ್ತಿಲ್ಲ.

ಆದ್ದರಿಂದ ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಸೀಸೆ ತರಿಸಬೇಕು. ಒಬ್ಬರು ಮನೆ ಮನೆಯ ಕೋಳಿ ಎಣಿಸಿ ಬರೆದುಕೊಳ್ಳಲಿ. ಪಶು ಆಸ್ಪತ್ರೆಯ ಸಿಬ್ಬಂದಿಗೆ ವಾರ ಮೊದಲೇ ತಿಳಿಸಿ ದಿನ ಗೊತ್ತುಮಾಡಿ. ಆ ವಾರವೇ ಎಲ್ಲ ಕೋಳಿಗಳಿಗೂ ಜಂತಿನ ಔಷಧಿ ಕೊಡಿಸಿ. ಹಿಂದಿನ ರಾತ್ರಿ ಗೂಡಿನ ಬಾಗಿಲು ಹಾಕಿ, ಬೆಳಿಗ್ಗೆ ಬಿಡಬೇಡಿ. ಬಿಟ್ಟ ಕೋಳಿಯನ್ನು ಹಿಡಿಯಲು ಓಡಾಡುವಷ್ಟರಲ್ಲಿ ಲಸಿಕೆ ಬಿಸಿಯಾಗಿಬಿಡುತ್ತದೆ. ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಸೀಸೆ ತರಲು ಓಣಿಯ ಒಬ್ಬ ಯುವಕ ಸಾಕು. ಬೆಳಿಗ್ಗೆ ಆರಕ್ಕೆ ಆರಂಭಿಸಿದರೆ ಎಂಟರೊಳಗೆ ಎಲ್ಲ ಮನೆಗಳದ್ದೂ ಮುಗಿಯುತ್ತದೆ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಲಸಿಕೆ ಹಾಕಬೇಕು. ಅದು ಫಲ ಕೊಡಲು ಎರಡು ವಾರ ಬೇಕು. ರೋಗ ಓಣಿಗೆ ಕಾಲಿಟ್ಟ ಮೇಲೆ ಓಡಾಡಿ ಪ್ರಯೋಜನವಿಲ್ಲ.

ವರ್ಷಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಿ. ಒಂದು ಜುಲೈಯಲ್ಲಿ. ಇನ್ನೊಂದು ಕ್ರಿಸ್ಮಸ್ ಕಳೆದು ಸಂಕ್ರಾಂತಿಗೆ ಮೊದಲು. ಆ ದಿನಗಳಲ್ಲಿ ಎಲ್ಲರೂ ಊರಲ್ಲೇ ಇರುತ್ತಾರೆ, ಬೇಸಿಗೆಗೂ ಇನ್ನೂ ಸಮಯವಿರುತ್ತದೆ. ನಮ್ಮವರು, ಬೇರೆಯವರು ಎಂಬ ಭೇದ ಇದರಲ್ಲಿ ನಡೆಯದು. ಒಂದು ಮನೆ ಬಿಟ್ಟರೂ ರೋಗಕ್ಕೆ ಒಂದು ಬಾಗಿಲು ತೆರೆದಿಟ್ಟಂತೆ.

ಇನ್ನೆರಡು ನಿಯಮಗಳಿವೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆ ಕಟ್ಟಿ, ಆಮೇಲೆ ಹಿಂಡಿಗೆ ಸೇರಿಸಿ. ಕೋಳಿ ಮಂಕಾದೊಡನೆ "ಸಾಯುವ ಮೊದಲು ದುಡ್ಡಾಗಲಿ" ಎಂದು ಸಂತೆಗೆ ಒಯ್ಯುವ ಅಭ್ಯಾಸ ಬಿಡಬೇಕು. ಒಂದು ಊರಿನ ರೋಗ ಹತ್ತು ಊರಿಗೆ ಹೋಗುವುದು ಹೀಗೆಯೇ. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಒಮ್ಮೆಗೇ ಹಲವು ಕೋಳಿ ಸತ್ತರೆ ಹಕ್ಕಿಜ್ವರವೂ ಇರಬಹುದು. ನಮ್ಮ ದೇಶದಲ್ಲಿ ಅದು ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಂಡಿತು. 2025ರ ಫೆಬ್ರವರಿಯಲ್ಲಿ ನಮ್ಮದೇ ರಾಜ್ಯದ ಗೋದಾವರಿ ಜಿಲ್ಲೆಗಳಿಗೂ ಬಂತು. ಅಂಥ ಕೋಳಿಯನ್ನು ಕೊಯ್ಯದೆ, ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ ಪಶು ಆಸ್ಪತ್ರೆಗೆ ತಿಳಿಸಿ.

ಗುಳೆ ಹೋಗುವ ಮನೆಗಳು

ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಪಶ್ಚಿಮದ ಮಂಡಲಗಳಿಂದ ಎಷ್ಟೋ ಮನೆಗಳವರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜಿ, ತಾತ, ಶಾಲೆಯ ಮಕ್ಕಳು. ಅವರ ಕೈಗೆ ಹತ್ತು ಕೋಳಿ ಒಪ್ಪಿಸಿ ಹೋಗುವುದು ಸರಿಯಲ್ಲ. ಹೋಗುವ ಮುಂಚೆ ಹುಂಜಗಳನ್ನು, ಮೊಟ್ಟೆ ನಿಲ್ಲಿಸಿದ ಹಳೆಯ ಹೇಂಟೆಗಳನ್ನು ಮಾರಿಬಿಡಿ. ಮೂರು ನಾಲ್ಕು ಒಳ್ಳೆಯ ಹೇಂಟೆಗಳನ್ನು ಮಾತ್ರ ಉಳಿಸಿ, ಲಸಿಕೆ ಹಾಕಿಸಿ, ನೆರಳು ಸರಿಪಡಿಸಿ ಹೋಗಿ. ಮನೆಯಲ್ಲಿ ಯಾರೂ ಉಳಿಯದಿದ್ದರೆ ನೆರೆಮನೆಯವರಿಗೆ ಒಪ್ಪಿಸಿ, ಮೊಟ್ಟೆ ಅವರಿಗೆ, ಕೋಳಿ ನಮಗೆ ಎಂದು ಮಾತಾಡಿಕೊಳ್ಳಿ. ಹಿಂದಿರುಗಿ ಬಂದಾಗ ಬರಿಯ ಹಿತ್ತಿಲ ಬದಲು ಮುಂದಿನ ಮಳೆಗಾಲದ ಬೀಜ ಅಲ್ಲಿರುತ್ತದೆ.

ಮೊಟ್ಟೆ ಯಾರಿಗೆ?

ಎಂಟು ಗ್ರಾಮಪ್ರಿಯ ಹೇಂಟೆಗಳು ನಮ್ಮ ಬಿಸಿಲಲ್ಲಿ ತಲಾ 150 ಮೊಟ್ಟೆ ಇಟ್ಟರೂ ವರ್ಷಕ್ಕೆ 1,200 ಆಯಿತು. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಮೊದಲ ಮೊಟ್ಟೆ ಮನೆಯ ಮಗುವಿಗೆ, ಬಸುರಿಗೆ, ಬಾಣಂತಿಗೆ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಉತ್ತಮ ಮಾಂಸಸಾರವಿದೆ. ಕಣ್ಣಿಗೆ ಬೇಕಾದ ಎ ಜೀವಸತ್ವ, ರಕ್ತಕ್ಕೆ ಬೇಕಾದ ಬಿ12 ಇವೆ. ಇಲ್ಲದಿರುವುದು ಸಿ ಜೀವಸತ್ವ. ಮೊಟ್ಟೆಯ ಜೊತೆ ನುಗ್ಗೆಸೊಪ್ಪು, ನಿಂಬೆಹಣ್ಣು ಇದ್ದರೆ ಆ ಕೊರತೆಯೂ ತುಂಬುತ್ತದೆ. ಮೊಟ್ಟೆಯನ್ನು ಹಸಿಯಾಗಿ ಕುಡಿಸುವುದು ಬೇಡ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ. ಗೂಡು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದು ಊಟಕ್ಕೆ ಕೂರಿ. ಮನೆಯಲ್ಲಿ ಮೊಟ್ಟೆ ಇದ್ದೂ ಎಲ್ಲವನ್ನೂ ಮಾರಿ ಮಕ್ಕಳಿಗೆ ಬಿಸ್ಕತ್ತು ಕೊಡಿಸುವ ವ್ಯಾಪಾರ ನಷ್ಟದ ವ್ಯಾಪಾರ.

ಉಳಿದದ್ದನ್ನು ಮಾರಿದ ಹಣ ಮನೆಯ ತಾಯಿಯ ಕೈಯಲ್ಲೇ ಇರಲಿ. ಗೂಡು ತೊಳೆದವಳು, ನೀರಿಟ್ಟವಳು, ಸಂಜೆ ಕೂಗಿ ಕರೆದು ಎಣಿಸಿ ಬಾಗಿಲು ಹಾಕಿದವಳು ಆಕೆಯೇ.

ಈಗ ಮಾಡಬೇಕಾದ ಕೆಲಸಗಳ ಕ್ರಮ ಇಷ್ಟು. ಮೊದಲು ನೆರಳು, ಆಮೇಲೆ ಗೂಡು, ಆಮೇಲೆ ನೆರೆಮನೆಗಳ ಕೋಳಿ ಎಣಿಸಿದ ಪಟ್ಟಿ. ಈ ಮೂರೂ ಆದ ಮೇಲೆ ಮರಿ ತನ್ನಿ. ಓಣಿಯಲ್ಲಿ ಹತ್ತು ಮನೆಗಳು ಕೂಡಿದರೆ ಪಶು ಆಸ್ಪತ್ರೆಗೆ ಹೋಗಿ ದಿನ ಕೇಳಲು ಇಬ್ಬರು ಸಾಕು. ಆ ಇಬ್ಬರು ಯಾರು ಎಂಬುದನ್ನು ಈ ಭಾನುವಾರವೇ ಮಾತಾಡಿಕೊಳ್ಳಿ.